‘ಅಸೋಸಿಯೇಟೆಡ್ ಸ್ಟೇಟ್’ಗೆ ಕನ್ನಡದಲ್ಲಿ ಏನನ್ನೋಣ?

ಸ್ನೇಹಿತರೇ,

ಕೆರಿಬಿಯನ್ ಸಮುದ್ರದ ಗ್ರೆನಡಾ ದ್ವೀಪದ ರಾಜಕೀಯ ಇತಿಹಾಸ ಬರೆಯುತ್ತಿದ್ದೇನೆ. 1763ರಲ್ಲಿ ಫ್ರೆಂಚರಿಂದ ಬ್ರಿಟಿಷರ ಕೈಗೆ, 1779ರಿಂದ ನಾಲ್ಕು ವರ್ಷ ಮತ್ತೆ ಫ್ರೆಂಚರಿಗೆ, ತಿರುಗಿ ಬ್ರಿಟಿಷರಿಗೆ, 1877ರಲ್ಲಿ ಕ್ರೌನ್ ಕಾಲೊನಿ, ಅಂದರೆ ಲಂಡನ್ ನೇರವಾಗಿ ಆಳುವ ವಸಾಹತು. ಇಲ್ಲಿಯತನಕ ‘ವಸಾಹತು’ ಸಾಕು. 1974ರ ಫೆಬ್ರವರಿ 7ರಿಂದ ‘ಸ್ವತಂತ್ರ ದೇಶ’. ತೊಡಕೆಲ್ಲ ಅದಕ್ಕೂ ಮುಂಚಿನ ಏಳು ವರ್ಷಗಳದ್ದು.

1967ರ ಮಾರ್ಚ್‌ನಲ್ಲಿ ಗ್ರೆನಡಾ ‘ಅಸೋಸಿಯೇಟೆಡ್ ಸ್ಟೇಟ್’ ಆಯಿತು. ಆಂಟಿಗಾ, ಡೊಮಿನಿಕಾ, ಸೇಂಟ್ ಲೂಸಿಯಾಗಳಿಗೂ ಆ ವರ್ಷ ಅದೇ ಸ್ಥಾನ. ಒಳಾಡಳಿತ ದ್ವೀಪದವರದು, ರಕ್ಷಣೆ, ವಿದೇಶಾಂಗ ಲಂಡನ್ನಿನದು. ಬೇಡವೆನಿಸಿದರೆ ನಂಟು ಕಡಿದುಕೊಳ್ಳುವ ಹಕ್ಕೂ ದ್ವೀಪಕ್ಕಿತ್ತು. ವಸಾಹತಿಗೂ ಇದಕ್ಕೂ ವ್ಯತ್ಯಾಸ ಸಣ್ಣದಲ್ಲ. 1962ರಲ್ಲಿ ಖಜಾನೆ ದುಂದು ಮಾಡಿದರೆಂದು ಎರಿಕ್ ಗೇರಿಯವರ ಸರ್ಕಾರವನ್ನು ಬ್ರಿಟಿಷರು ವಜಾ ಮಾಡಿ ಸಂವಿಧಾನವನ್ನೇ ಅಮಾನತಿನಲ್ಲಿಟ್ಟಿದ್ದರು. 1967ರಲ್ಲಿ ಅದೇ ಗೇರಿ ಚುನಾವಣೆ ಗೆದ್ದು ಪ್ರೀಮಿಯರ್ (ಸರ್ಕಾರದ ಮುಖ್ಯಸ್ಥ) ಆಗಿ ಕೂತಾಗ ಹಾಗೆ ಕೈಯಾಡಿಸುವ ದಾರಿ ಲಂಡನ್ನಿಗೆ ಹೆಚ್ಚುಕಮ್ಮಿ ಮುಚ್ಚಿತ್ತು.

‘ಸಾಮಂತ ರಾಜ್ಯ’ ಎನ್ನೋಣವೆಂದರೆ, ಸಾಮಂತ ಕಪ್ಪ ಕೊಡಬೇಕು, ಬಿಟ್ಟುಹೋಗುತ್ತೇನೆಂದರೆ ದಂಡು ಬರುತ್ತದೆ. ‘ಸಂಸ್ಥಾನ’ ಎಂದರೆ ಮೈಸೂರು ಅರಮನೆ ನೆನಪಾಗುತ್ತದೆ. ಗೇರಿಯೋ ಕೂಲಿಕಾರರ ಸಂಘ ಕಟ್ಟಿ, 1951ರ ಮುಷ್ಕರದಿಂದ ಮೇಲೆ ಬಂದ ಮನುಷ್ಯ. ‘ಸಂಯೋಜಿತ’ವನ್ನು ವಿಶ್ವವಿದ್ಯಾಲಯದ ಕಾಲೇಜುಗಳು ಆಗಲೇ ಹಿಡಿದುಕೊಂಡಿವೆ! ‘ರಾಜ್ಯ’ ಎಂಬುದೂ ನನಗೆ ಒಗ್ಗುತ್ತಿಲ್ಲ. ನಮ್ಮ ಓದುಗರಿಗೆ ಅದು ಒಕ್ಕೂಟದ ಒಂದು ಭಾಗ. 1958ರಿಂದ 1962ರವರೆಗೆ ಗ್ರೆನಡಾ ನಿಜಕ್ಕೂ ವೆಸ್ಟ್ ಇಂಡೀಸ್ ಒಕ್ಕೂಟದಲ್ಲಿತ್ತು, ಹಾಗಾಗಿ ಗೊಂದಲ ಇಮ್ಮಡಿ. ಸದ್ಯಕ್ಕೆ ‘ಸಹವರ್ತಿ ದೇಶ’ ಎಂದು ಬರೆದಿಟ್ಟಿದ್ದೇನೆ. ಸ್ವಲ್ಪ ಮೆತ್ತಗಾಯಿತೇನೋ.

ಸಿಕ್ಕಿಂ ವಿಷಯದಲ್ಲಿ ನಮ್ಮಲ್ಲೂ ಇದೇ ಬಗೆಯ ಪದ ಬಂದಿತ್ತು. 1974ರ 35ನೇ ತಿದ್ದುಪಡಿ ಅದನ್ನು ಭಾರತದ ‘ಅಸೋಸಿಯೇಟ್ ಸ್ಟೇಟ್’ ಮಾಡಿತು, ಮರುವರ್ಷವೇ ಪೂರ್ಣ ರಾಜ್ಯವಾಯಿತು. ಗ್ರೆನಡಾ ಆ ಮೆಟ್ಟಿಲಿನಿಂದ ಹೊರಗೆ ನಡೆಯಿತು, ಸಿಕ್ಕಿಂ ಒಳಗೆ ಬಂತು. ಆಗ ಕನ್ನಡ ಪತ್ರಿಕೆಗಳು ಏನೆಂದು ಬರೆದವು? ಹಳೆಯ ಸಂಚಿಕೆ ಇಟ್ಟುಕೊಂಡವರು ದಯವಿಟ್ಟು ನೋಡಿ ಹೇಳಿ.

ಜೊತೆಗೊಂದು ಕಿರುಪ್ರಶ್ನೆ. 1979ರ ಮಾರ್ಚ್ 13ರಂದು ಗ್ರೆನಡಾದ ಎಡಪಂಥೀಯ ನಾಯಕ ಮಾರಿಸ್ ಬಿಷಪ್ ಕ್ರಾಂತಿ ಮಾಡಿ ಗೇರಿಯವರನ್ನು ಇಳಿಸಿ ಸಂವಿಧಾನ ಬದಿಗಿಟ್ಟರೂ, ದೇಶದ ಮುಖ್ಯಸ್ಥೆಯಾಗಿದ್ದ ಬ್ರಿಟನ್ನಿನ ರಾಣಿಯನ್ನೂ ಆಕೆಯ ಗವರ್ನರ್ ಜನರಲ್ ಪಾಲ್ ಸ್ಕೂನ್ ಅವರನ್ನೂ ಹಾಗೇ ಉಳಿಸಿಕೊಂಡರು. ವಿಚಿತ್ರ ಏರ್ಪಾಡು. ಇವರನ್ನು ‘ರಾಜ್ಯಪಾಲ’ ಎಂದರೆ ರಾಜಭವನದವರಾಗಿಬಿಡುತ್ತಾರೆ. ರಾಜಾಜಿಯವರಿಗೆ ಹೇಳಿದಂತೆ ‘ಗವರ್ನರ್ ಜನರಲ್’ ಎಂದೇ ಬಿಡಲೇ, ಅಥವಾ ‘ಮಹಾರಾಜ್ಯಪಾಲ’ ಎಲ್ಲಾದರೂ ಚಾಲ್ತಿಯಲ್ಲಿದೆಯೇ?