ಎಷ್ಟು ಸಲ ಡಿಫ್ರ್ಯಾಗ್ ಮಾಡಿದರೂ ಒಂದುಗೂಡದ ಫೈಲುಗಳಿಗೆ ಪರಿಹಾರವೇನು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ತಾಳಮದ್ದಳೆಯ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಡುವ ಕೆಲಸವನ್ನು ನಾವು ಕೆಲವರು ಸೇರಿ ಮಾಡುತ್ತಿದ್ದೇವೆ. ಎರಡು ಡೆಕ್ಕುಗಳಿಂದ ಏಕಕಾಲಕ್ಕೆ ಬರುವ ಧ್ವನಿಯನ್ನು 24 ಬಿಟ್, 96 ಕಿಲೋಹರ್ಟ್ಸ್ ವೇವ್ ಫೈಲುಗಳಾಗಿ ಉಳಿಸುತ್ತೇವೆ. ಒಂದು ಗಂಟೆಯ ಧ್ವನಿಗೆ ಸುಮಾರು 2 ಜಿಬಿ ಬೇಕಾಗುತ್ತದೆ. ವಿಂಡೋಸ್ 10 ಇರುವ ಡೆಸ್ಕ್‌ಟಾಪಿನಲ್ಲಿ ಇದಕ್ಕಾಗಿಯೇ 1 ಟಿಬಿಯ, 7200 ಆರ್‌ಪಿಎಂ ವೇಗದ ಹಾರ್ಡ್ ಡಿಸ್ಕೊಂದು ಡಿ ಡ್ರೈವ್ ಆಗಿದೆ. ಅದರಲ್ಲೀಗ 48 ಜಿಬಿ ಮಾತ್ರ ಖಾಲಿ ಉಳಿದಿದೆ.

ತೊಂದರೆ ಏನೆಂದರೆ, ಸಂಪಾದನೆಗೆಂದು ಯಾವುದಾದರೂ ದೊಡ್ಡ ಫೈಲನ್ನು ತೆರೆದರೆ ಧ್ವನಿಯ ಅಲೆಚಿತ್ರ ಮೂಡಲು ನಿಮಿಷಗಳೇ ಹಿಡಿಯುತ್ತವೆ, ಡಿಸ್ಕಿನಿಂದ ಎಡೆಬಿಡದೆ ಕಟಕಟ ಸದ್ದು ಕೇಳಿಸುತ್ತದೆ. ಚದುರಿದ ಫೈಲುಗಳ ತುಂಡುಗಳನ್ನು ಒಂದುಗೂಡಿಸುವ, ಎಂದರೆ ಡಿಫ್ರ್ಯಾಗ್ ಮಾಡುವ, ವಿಂಡೋಸಿನಲ್ಲೇ ಇರುವ ಆಪ್ಟಿಮೈಸ್ ಸೌಲಭ್ಯವನ್ನು ರಾತ್ರಿಯಿಡೀ ಓಡಿಸಿದರೂ ಬೆಳಗ್ಗೆ ನೋಡುವಾಗ ಎಷ್ಟು ಚದುರಿದೆ ಎಂಬ ಶೇಕಡಾವಾರು ಅಂಕಿ ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ. ಬೇರೊಂದು ಡಿಫ್ರ್ಯಾಗ್ ತಂತ್ರಾಂಶದಲ್ಲಿ ನೋಡಿದರೆ ಕೆಲವು ಫೈಲುಗಳ ಎದುರು ಹತ್ತಾರು ಸಾವಿರ ತುಂಡುಗಳೆಂದು ತೋರಿಸುತ್ತದೆ, ಅದರಿಂದಲೂ ಅವು ಒಂದಾಗುತ್ತಿಲ್ಲ. ಈ ಧ್ವನಿಗಳಲ್ಲಿ ಹಲವಕ್ಕೆ ಮೂಲ ಕ್ಯಾಸೆಟ್ಟು ಮತ್ತೆ ಓಡುವ ಸ್ಥಿತಿಯಲ್ಲಿಲ್ಲ. ಆದ್ದರಿಂದ ಏನನ್ನೂ ಕಳೆದುಕೊಳ್ಳದ ದಾರಿಯನ್ನು ತಿಳಿದವರು ದಯವಿಟ್ಟು ಸೂಚಿಸಬೇಕು.

ಮೊದಲ ಉತ್ತರ

ನಿಮ್ಮ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ಮೂಲ ಮತ್ತೆ ಸಿಗದ ಧ್ವನಿಗಳು ಒಂದೇ ಡಿಸ್ಕಿನಲ್ಲಿದ್ದರೆ, ಬೇರೇನು ಮಾಡುವುದಕ್ಕೂ ಮೊದಲು ಅವುಗಳ ಪ್ರತಿಯನ್ನು ಇನ್ನೊಂದು ಡಿಸ್ಕಿಗೆ ಮಾಡಿಕೊಳ್ಳಿ. ಡಿಫ್ರ್ಯಾಗ್ ಎಂದರೆ ಡಿಸ್ಕಿನ ಮೇಲೆ ಚದುರಿರುವುದನ್ನು ಓದಿ ಬೇರೆಡೆ ಬರೆಯುವ ಕೆಲಸ. ಸೊರಗಿದ ಡಿಸ್ಕಿಗೆ ಅದು ದೊಡ್ಡ ಹೊರೆ. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ದಾಖಲಿಸಿಕೊಳ್ಳುವ ಸ್ಮಾರ್ಟ್ ಮಾಹಿತಿಯನ್ನು ತೋರಿಸುವ ಉಚಿತ ತಂತ್ರಾಂಶಗಳಿವೆ. ಅದರಲ್ಲಿ ಬದಲಿ ಜಾಗಕ್ಕೆ ವರ್ಗಾವಣೆಯಾದ ಸೆಕ್ಟರುಗಳು (ಡಿಸ್ಕಿನ ಪುಟ್ಟ ಪುಟ್ಟ ಭಾಗಗಳು) ಮತ್ತು ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು ಎಂಬ ಎರಡು ಸಾಲುಗಳನ್ನು ನೋಡಿ. ಎರಡನೆಯದು ಸೊನ್ನೆಯಲ್ಲದಿದ್ದರೆ ಡಿಫ್ರ್ಯಾಗಿನ ಯೋಚನೆಯನ್ನೇ ಬಿಟ್ಟು ಹೊಸ ಡಿಸ್ಕ್ ತನ್ನಿ. ನಿಧಾನಗತಿಗೂ ಕಟಕಟ ಸದ್ದಿಗೂ ಅದೇ ಕಾರಣವಿರಬಹುದು.

ಡಿಸ್ಕ್ ಆರೋಗ್ಯವಾಗಿದೆ ಎಂದಾದರೆ, ಶೇಕಡಾವಾರು ಅಂಕಿಯನ್ನು ನಂಬಿ ಮತ್ತೆ ಮತ್ತೆ ಓಡಿಸುವುದನ್ನು ನಿಲ್ಲಿಸಿ, ಯಾವ ಫೈಲು ಏಕೆ ತುಂಡಾಗಿದೆ ಎಂದು ಹುಡುಕಬೇಕು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಡಿಫ್ರ್ಯಾಗ್ ಆದೇಶಕ್ಕೆ ಡ್ರೈವಿನ ಅಕ್ಷರವನ್ನೂ ಓರೆಗೆರೆಯೊಂದಿಗೆ ಎ ಮತ್ತು ವಿ ಎಂಬ ಎರಡು ಆಯ್ಕೆಗಳನ್ನೂ ಕೊಟ್ಟರೆ, ಏನನ್ನೂ ಕದಲಿಸದೆ ವಿವರವಾದ ವರದಿ ಬರುತ್ತದೆ. 64 ಎಂಬಿಗಿಂತ ದೊಡ್ಡದಾದ ತುಂಡುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಆ ವರದಿಯೇ ಹೇಳುತ್ತದೆ. ಇದಕ್ಕೆ ಸರಿಯಾದ ಕಾರಣವಿದೆ. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ತಿರುಗಲು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಸೆಕ್ಟರು ಡಿಸ್ಕನ್ನು ಓದುವ ತಲೆಯ ಕೆಳಗೆ ಬರಲು ಸರಾಸರಿ ಅದರ ಅರ್ಧ, ತಲೆ ಸರಿಯಲು ಇನ್ನೊಂದು ಒಂಬತ್ತು, ಅಂತೂ ಒಂದು ಜಿಗಿತಕ್ಕೆ ಸುಮಾರು 13 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 150 ಎಂಬಿ ಓದುವ ಡಿಸ್ಕು 64 ಎಂಬಿ ಓದಲು 430 ಮಿಲಿಸೆಕೆಂಡ್ ತೆಗೆದುಕೊಳ್ಳುವಾಗ ಈ 13 ಲೆಕ್ಕಕ್ಕೇ ಬರುವುದಿಲ್ಲ. ಆದರೆ 1 ಜಿಬಿಯ ಫೈಲೊಂದು 64 ಕೆಬಿಯ 16,384 ತುಂಡುಗಳಾಗಿ ದೂರದೂರ ಚದುರಿದ್ದರೆ ಜಿಗಿತಗಳಿಗೇ ಮೂರೂವರೆ ನಿಮಿಷ ಹೋಗುತ್ತದೆ. ಒಟ್ಟಿಗಿದ್ದಿದ್ದರೆ ಇಡೀ ಫೈಲು ಏಳು ಸೆಕೆಂಡಿನಲ್ಲಿ ಓದಿ ಮುಗಿಯುತ್ತಿತ್ತು. ನೀವು ಹೇಳುವ ನಿಧಾನ ಈ ಎರಡನೆಯ ಬಗೆಯದು.

ಅದೇ ವರದಿಯಲ್ಲಿ ಅತಿದೊಡ್ಡ ಖಾಲಿ ಜಾಗದ ಗಾತ್ರ ಎಂಬ ಸಾಲೂ ಇರುತ್ತದೆ, ಅದನ್ನು ತಪ್ಪದೆ ನೋಡಿ. ಬಸ್ಸಿನಲ್ಲಿ ಐದು ಸೀಟು ಖಾಲಿಯಿದ್ದರೂ ಅವು ಅಲ್ಲೊಂದು ಇಲ್ಲೊಂದು ಇದ್ದರೆ ಐವರ ಸಂಸಾರ ಒಟ್ಟಿಗೆ ಕೂರಲಾಗದು. 48 ಜಿಬಿ ಖಾಲಿಯಿದ್ದೂ ಅದರಲ್ಲಿ ಒಂದೇ ಕಡೆ 3 ಜಿಬಿ ಸಿಗದಿದ್ದರೆ ಒಂದೂವರೆ ಗಂಟೆಯ ನಿಮ್ಮ ಫೈಲನ್ನು ಯಾವ ತಂತ್ರಾಂಶವೂ ಒಂದಾಗಿ ಇಡಲಾರದು. ಹಿಂದಿನ ವಿಂಡೋಸ್ ಎಕ್ಸ್‌ಪಿ ಶೇ. 15ರಷ್ಟು ಜಾಗ ಖಾಲಿ ಇರಬೇಕೆಂದು ಕೇಳುತ್ತಿತ್ತು. ನಿಮ್ಮ ಡಿಸ್ಕಿಗೆ ಅದು ಸುಮಾರು 140 ಜಿಬಿ ಆಗುತ್ತದೆ.

ಕೊನೆಯದಾಗಿ, ಆ ವೇವ್ ಫೈಲುಗಳ ಐಕಾನಿನ ಮೂಲೆಯಲ್ಲಿ ಒಂದಕ್ಕೊಂದು ಎದುರಾದ ಎರಡು ಪುಟ್ಟ ನೀಲಿ ಬಾಣಗಳಿವೆಯೇ ಎಂದು ನೋಡಿ ತಿಳಿಸಿ. ಜಾಗ ಉಳಿಸಲು ವಿಂಡೋಸ್ ಫೈಲನ್ನು ಕುಗ್ಗಿಸಿಟ್ಟಿದೆ ಎಂಬುದರ ಗುರುತು ಅದು. ಹತ್ತಾರು ಸಾವಿರ ತುಂಡುಗಳು ಎಂದಾಗ ನನಗೆ ಮೊದಲು ಬರುವ ಅನುಮಾನ ಅದೇ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಕೆಲವು ಫೈಲುಗಳನ್ನು ವಿಂಡೋಸ್ ಓಡುತ್ತಿರುವಾಗ ಕದಲಿಸಲು ಬರುವುದಿಲ್ಲ. ಮೆಮೊರಿ ಸಾಲದಾಗ ವಿಂಡೋಸ್ ಬಳಸುವ ಪೇಜ್‌ಫೈಲ್ ಮತ್ತು ಕಂಪ್ಯೂಟರನ್ನು ಇದ್ದ ಸ್ಥಿತಿಯಲ್ಲೇ ಮಲಗಿಸಲು ಬೇಕಾದ ಹೈಬರ್ನೇಶನ್ ಫೈಲ್ ಈ ಗುಂಪಿನವು. ಅವು ಸಾಮಾನ್ಯವಾಗಿ ಸಿ ಡ್ರೈವಿನಲ್ಲಿರುತ್ತವೆ, ಆದರೆ ಯಾರಾದರೂ ಪೇಜ್‌ಫೈಲನ್ನು ಡಿ ಡ್ರೈವಿಗೆ ಹಾಕಿದ್ದರೆ ಅದನ್ನು ತೆಗೆದು, ರೀಸ್ಟಾರ್ಟ್ ಮಾಡಿ, ಡಿಫ್ರ್ಯಾಗ್ ಮುಗಿದ ಮೇಲೆ ನಿಗದಿತ ಗಾತ್ರದಲ್ಲಿ ಮತ್ತೆ ಇಡಬಹುದು. ಸಿಸ್ಟಮ್ ರಿಸ್ಟೋರ್ ಆ ಡ್ರೈವಿಗೂ ಚಾಲೂ ಇದ್ದರೆ ಹಿಂದಿನ ಸ್ಥಿತಿಗೆ ಮರಳಲು ಅದು ಇಟ್ಟುಕೊಳ್ಳುವ ನೆರಳು ಪ್ರತಿಗಳು ಕೂಡ ಜಾಗವನ್ನು ನುಂಗುತ್ತಿರುತ್ತವೆ. ಇದರ ಇನ್ನೊಂದು ಪರಿಣಾಮವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಫೈಲುಗಳಿಗೆ ಜಾಗ ಹಂಚುವ ಅತಿ ಚಿಕ್ಕ ಘಟಕವಾದ ಕ್ಲಸ್ಟರು 4 ಕೆಬಿ ಇರುವ ಡ್ರೈವಿನಲ್ಲಿ ಡಿಫ್ರ್ಯಾಗ್ ಮಾಡುವ ಸ್ಥಳಾಂತರವೂ ಬದಲಾವಣೆಯಾಗಿಯೇ ಕಾಣುವುದರಿಂದ ನೆರಳು ಪ್ರತಿಗಳು ಉಬ್ಬುತ್ತಾ ಹೋಗಿ, ಹಳೆಯವು ತಾವಾಗಿ ಅಳಿಸಿಹೋಗುವ ಸಾಧ್ಯತೆಯಿದೆ. ಬರೀ ಧ್ವನಿ ಫೈಲುಗಳಿರುವ ಡ್ರೈವಿಗೆ ಸಿಸ್ಟಮ್ ರಿಸ್ಟೋರ್ ಅಗತ್ಯವಿಲ್ಲ.

ಎಲ್ಲವನ್ನೂ ಕಲಕುವ ಬದಲು ಒಂದೊಂದೇ ಫೈಲನ್ನು ಸರಿಪಡಿಸಲು ಸಿಸ್‌ಇಂಟರ್ನಲ್ಸ್ ಸಂಗ್ರಹದ ಕಾಂಟಿಗ್ ಎಂಬ ಪುಟ್ಟ ಸಾಧನ ಉಪಯುಕ್ತ. ಒಂದು ಫೈಲು ಎಷ್ಟು ತುಂಡಾಗಿದೆ ಎಂದು ಹೇಳುವುದನ್ನೂ ಅದನ್ನು ಒಂದುಗೂಡಿಸುವುದನ್ನೂ ಅದು ಮಾಡುತ್ತದೆ.

ಡಿಸ್ಕಿನ ಮಾದರಿ ಸಂಖ್ಯೆಯನ್ನು ಹುಡುಕಿ ಅದು ಎಸ್‌ಎಂಆರ್ ಬಗೆಯದೇ ಎಂದೂ ತಿಳಿದುಕೊಳ್ಳಿ. ಆ ಬಗೆಯಲ್ಲಿ ದತ್ತಾಂಶದ ಪಥಗಳು ಹೆಂಚಿನಂತೆ ಒಂದರ ಮೇಲೊಂದು ತುಸು ಹಾಸಿರುವುದರಿಂದ, ನಡುವೆ ಸ್ವಲ್ಪ ಬದಲಿಸಬೇಕಾದರೂ ಇಡೀ ವಲಯವನ್ನೇ ಮತ್ತೆ ಬರೆಯಬೇಕಾಗುತ್ತದೆ. ಅಂಥ ಡಿಸ್ಕಿನಲ್ಲಿ ಡಿಫ್ರ್ಯಾಗ್ ಬಹಳ ನಿಧಾನ. ಇನ್ನು ಕರೆಂಟು ಹೋಗಿ ಬರುವ ಊರಾದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸ್ಮಾರ್ಟ್ ವರದಿಯಲ್ಲಿ ಎರಡೂ ಸಾಲುಗಳು ಸೊನ್ನೆ ಇವೆ. ಡಿಸ್ಕ್ ಎಸ್‌ಎಂಆರ್ ಬಗೆಯದಲ್ಲ. ಅತಿದೊಡ್ಡ ಖಾಲಿ ಜಾಗ 1 ಜಿಬಿಯನ್ನೂ ಮುಟ್ಟುವುದಿಲ್ಲ. ಕೇಳಿದ ನೀಲಿ ಬಾಣಗಳು ಎಲ್ಲ ಫೈಲುಗಳ ಮೇಲೂ ಇವೆ. ಡ್ರೈವಿನ ಪ್ರಾಪರ್ಟೀಸ್ ತೆರೆದು ನೋಡಿದರೆ, ಜಾಗ ಉಳಿಸಲು ಡ್ರೈವನ್ನು ಕುಗ್ಗಿಸುವ ಚೌಕಕ್ಕೆ ಗುರುತು ಬಿದ್ದಿದೆ. ಈ ಡಿಸ್ಕು ನಮಗೆ ಬರುವ ಮೊದಲು ಒಂದು ಕಚೇರಿಯಲ್ಲಿ ಬಳಕೆಯಲ್ಲಿತ್ತು. ಆ ಗುರುತನ್ನು ಈಗ ತೆಗೆದುಬಿಟ್ಟರೆ ಸಾಕೇ?

ಮೊದಲ ಉತ್ತರ ಬರೆದವರಿಂದ

ಹಾಗಾದರೆ ಕಾರಣ ಸಿಕ್ಕಿತು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡಲು ವಿಂಡೋಸ್ ಬಳಸುವ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನ ಕುಗ್ಗಿಸುವಿಕೆ ಫೈಲನ್ನು ಒಟ್ಟಾಗಿ ಕುಗ್ಗಿಸುವುದಿಲ್ಲ. ಅದು ಹದಿನಾರು ಹದಿನಾರು ಕ್ಲಸ್ಟರುಗಳ ಕಂತುಗಳಲ್ಲಿ, ಎಂದರೆ 4 ಕೆಬಿ ಕ್ಲಸ್ಟರಾದರೆ 64 ಕೆಬಿಯ ಕಂತುಗಳಲ್ಲಿ ನಡೆಯುತ್ತದೆ. ಪ್ರತಿ ಕಂತಿನಲ್ಲೂ ಉಳಿದ ಕ್ಲಸ್ಟರುಗಳನ್ನು ಬಿಟ್ಟುಕೊಡುವುದರಿಂದ ಡಿಸ್ಕಿನಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ, ಮುಂದೆ ಬರೆಯುವ ಫೈಲು ಆ ರಂಧ್ರಗಳಲ್ಲೇ ಹಂಚಿಹೋಗುತ್ತದೆ. ನೀವು ಎರಡು ಡೆಕ್ಕುಗಳಿಂದ ಏಕಕಾಲಕ್ಕೆ ಬರೆಯುತ್ತಿರುವುದರಿಂದ ಎರಡೂ ಫೈಲುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಕೆಲವು ಸಾಧನಗಳು ಒಂದರ ಪಕ್ಕ ಒಂದು ಇರುವ ಕಂತುಗಳನ್ನೂ ಬೇರೆ ಬೇರೆ ತುಂಡುಗಳೆಂದೇ ಎಣಿಸುವುದರಿಂದ ಅಂಕಿ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದೂ ನಿಜ, ಆದರೆ ಡಿಸ್ಕಿನ ಸದ್ದು ಸುಳ್ಳು ಹೇಳುತ್ತಿಲ್ಲ.

ಗುರುತನ್ನು ಸುಮ್ಮನೆ ತೆಗೆಯಬೇಡಿ. ಒಳಗಿನ ಫೈಲುಗಳಿಗೂ ಅದು ಅನ್ವಯಿಸಲಿ ಎಂದರೆ ಎಲ್ಲವೂ ಹಿಗ್ಗತೊಡಗುತ್ತವೆ, 48 ಜಿಬಿ ಸಾಲದೆ ನಡುದಾರಿಯಲ್ಲಿ ನಿಂತುಹೋಗಬಹುದು. ಡಿಸ್ಕಿನೊಳಗೇ ತಿಣುಕುವುದಕ್ಕಿಂತ, ಎಲ್ಲವನ್ನೂ 2 ಟಿಬಿಯ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಹಿಡಿಸುವಷ್ಟನ್ನು ಮಾತ್ರ ಮರಳಿ ತರುವುದೇ ಸರಿಯಾದ ದಾರಿ ಎಂದು ನನ್ನ ಖಚಿತ ಅಭಿಪ್ರಾಯ. ಫಾರ್ಮ್ಯಾಟ್ ಮಾಡುವ ಮುನ್ನ ಎರಡೂ ಕಡೆಯ ಫೈಲುಗಳ ಷಾ-256 ಮೊತ್ತಗಳನ್ನು, ಎಂದರೆ ಫೈಲಿನಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ ಬದಲಾಗುವ ಗುರುತು ಸಂಖ್ಯೆಗಳನ್ನು, ಹೋಲಿಸಿ ನೋಡಿ. ವಿಂಡೋಸಿನ ಸರ್ಟ್‌ಯುಟಿಲ್ ಆದೇಶವೇ ಇದನ್ನು ಲೆಕ್ಕ ಹಾಕಿಕೊಡುತ್ತದೆ. ಮೂಲವಿಲ್ಲದ ಧ್ವನಿಗಳ ವಿಷಯದಲ್ಲಿ ಈ ಹೆಜ್ಜೆಯನ್ನು ಬಿಡುವಂತಿಲ್ಲ.

ಫಾರ್ಮ್ಯಾಟ್ ಮಾಡುವಾಗ ಕ್ಲಸ್ಟರ್ ಗಾತ್ರವನ್ನು 64 ಕೆಬಿ ಎಂದು ಆರಿಸಿ. ದೊಡ್ಡ ಫೈಲುಗಳೇ ಇರುವ ಡ್ರೈವಿಗೆ ಇದು ಒಪ್ಪುತ್ತದೆ, ಪುಟ್ಟ ಫೈಲುಗಳು ಸಾವಿರಾರು ಇದ್ದರೆ ಮಾತ್ರ ಜಾಗ ವ್ಯರ್ಥವಾಗುತ್ತದೆ. ಇನ್ನೊಂದು ಅನುಕೂಲವೂ ಉಂಟು. ವಿಂಡೋಸ್ 10ರಲ್ಲಿ 4 ಕೆಬಿಗಿಂತ ದೊಡ್ಡ ಕ್ಲಸ್ಟರಿರುವ ಡ್ರೈವಿನಲ್ಲಿ ಈ ಕುಗ್ಗಿಸುವ ಸೌಲಭ್ಯವೇ ದೊರೆಯದು, ಆದ್ದರಿಂದ ಮುಂದೆ ಯಾರೂ ಆ ಗುರುತನ್ನು ಹಾಕಲಾರರು.

ಮೂರನೆಯ ಉತ್ತರ

ಮರಳಿ ತಂದ ಫೈಲುಗಳು ಸರಿಹೋದರೂ ಹೊಸ ಧ್ವನಿಮುದ್ರಣಗಳು ಮತ್ತೆ ಹೆಣೆದುಕೊಳ್ಳುತ್ತವೆ, ಅದಕ್ಕೂ ಉಪಾಯ ಬೇಕು. ಮುದ್ರಣ ಮಾಡುವ ತಂತ್ರಾಂಶಕ್ಕೆ ಫೈಲು ಎಷ್ಟು ದೊಡ್ಡದಾಗುತ್ತದೆಂದು ಮೊದಲೇ ಗೊತ್ತಿರುವುದಿಲ್ಲ, ಧ್ವನಿ ಬಂದಂತೆ ಜಾಗ ಕೇಳುತ್ತಾ ಹೋಗುತ್ತದೆ. ನಕಲು ಮಾಡುವಾಗ ವಿಂಡೋಸಿಗೆ ಪೂರ್ತಿ ಗಾತ್ರ ಮೊದಲೇ ತಿಳಿದಿರುವುದರಿಂದ ಒಂದೇ ಕಡೆ ಜಾಗ ಹಿಡಿಯಲು ಸಾಧ್ಯವಾಗುತ್ತದೆ. ಆದ್ದರಿಂದ ಎರಡೂ ಡೆಕ್ಕುಗಳ ಮುದ್ರಣವನ್ನು 240 ಜಿಬಿಯಷ್ಟರ ಒಂದು ಸಣ್ಣ ಎಸ್‌ಎಸ್‌ಡಿಗೆ ಮಾಡಿ, ಸಂಪಾದನೆಯನ್ನೂ ಅಲ್ಲೇ ಮುಗಿಸಿ, ಸಿದ್ಧವಾದ ಫೈಲನ್ನು ಮಾತ್ರ ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಸರಿಯುವ ತಲೆಯೂ ಇಲ್ಲದ ಕಾರಣ ಅಲ್ಲಿ ಫೈಲು ತುಂಡಾದರೆ ಇಷ್ಟು ಕಾಡುವುದಿಲ್ಲ. ಅದಕ್ಕೆ ಹೊರಗಿನ ಡಿಫ್ರ್ಯಾಗ್ ತಂತ್ರಾಂಶಗಳನ್ನು ಓಡಿಸಬೇಡಿ, ಯಾವ ಜಾಗ ಇನ್ನು ಬಳಕೆಯಲ್ಲಿಲ್ಲ ಎಂದು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಆದೇಶವನ್ನು ವಿಂಡೋಸಿನ ಆಪ್ಟಿಮೈಸ್ ತಾನೇ ಕಳುಹಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಹೊಸ 2 ಟಿಬಿ ಡಿಸ್ಕಿಗೆ ನಕಲು ಮಾಡಿ, ಮೊತ್ತಗಳನ್ನು ಹೋಲಿಸಿ, ಹಳೆಯದನ್ನು 64 ಕೆಬಿ ಕ್ಲಸ್ಟರಿನಲ್ಲಿ ಫಾರ್ಮ್ಯಾಟ್ ಮಾಡಿದೆವು. ಶೇ. 20ರಷ್ಟು ಜಾಗವನ್ನು ಖಾಲಿ ಬಿಟ್ಟೇ ಫೈಲುಗಳನ್ನು ಮರಳಿ ತಂದಿದ್ದೇವೆ. ಕಾಂಟಿಗ್ ಈಗ ಬಹುತೇಕ ಎಲ್ಲ ಫೈಲುಗಳನ್ನೂ ಒಂದೇ ತುಂಡು ಎಂದು ತೋರಿಸುತ್ತಿದೆ. ಐದಾರು ಫೈಲುಗಳು ಮಾತ್ರ ಎರಡು ಮೂರು ತುಂಡಾಗಿವೆ. ಅಲೆಚಿತ್ರ ಕೆಲವೇ ಸೆಕೆಂಡುಗಳಲ್ಲಿ ಮೂಡುತ್ತದೆ. ಉಳಿದ ಆ ಐದಾರನ್ನೂ ಸರಿಪಡಿಸಬೇಕೇ?

ಎರಡನೆಯ ಉತ್ತರ ಬರೆದವರಿಂದ

ಬೇಡ. 3 ಜಿಬಿಯ ಫೈಲಿನಲ್ಲಿ ಮೂರು ತುಂಡು ಎಂದರೆ ಎರಡು ಹೆಚ್ಚುವರಿ ಜಿಗಿತ, ಸೆಕೆಂಡಿನ ಮೂವತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹೊಸ ಡಿಸ್ಕಿನಲ್ಲಿರುವ ಪ್ರತಿಯನ್ನು ಮಾತ್ರ ಅಳಿಸಬೇಡಿ. ಅದನ್ನು ಕಂಪ್ಯೂಟರಿನಿಂದ ಬಿಡಿಸಿ, ಸಾಧ್ಯವಾದರೆ ತಂಡದ ಇನ್ನೊಬ್ಬರ ಮನೆಯಲ್ಲಿಡಿ.