ಲರ್ನಿಂಗ್ ಲೈಸನ್ಸ್ ಪರೀಕ್ಷೆ ಒಂದೇ ಮಾರ್ಕಿಗೆ ಹೋಯಿತು. ಮರಾಠಿಯಲ್ಲಿ ಪಾಸಾದವರು ಯಾರಾದರೂ ಇದ್ದೀರಾ?

ರೊಟ್ಟಿ ಅಕ್ಕ, ಧಾಯರಿ:

ಎಲ್ಲರಿಗೂ ನಮಸ್ಕಾರ. ನಾನು ಗದಗ ಕಡೆಯವಳು. ಮದುವೆಯಾಗಿ ಪುಣೆಗೆ ಬಂದು 22 ವರ್ಷ ಆಯಿತು. ವಯಸ್ಸು 46. ಮನೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಮಾಡಿ ಮಾರುತ್ತೇನೆ. ಇಷ್ಟು ದಿನ ಮಗ ಸ್ಕೂಟರ್ ಮೇಲೆ ಗಿರಾಕಿಗಳಿಗೆ ಮುಟ್ಟಿಸಿ ಬರುತ್ತಿದ್ದ. ಈಗ ಅವನಿಗೆ ಬೇರೆ ಊರಲ್ಲಿ ನೌಕರಿ. ಸ್ಕೂಟರ್ ಕೆಳಗೆ ಪಾರ್ಕಿಂಗ್‌ನಲ್ಲಿ ಧೂಳು ತಿನ್ನುತ್ತಾ ನಿಂತಿದೆ. ರಿಕ್ಷಾದಲ್ಲಿ ಕೊಟ್ಟು ಬರೋಣ ಅಂದರೆ ರೊಟ್ಟಿಯ ಲಾಭ ಪೂರ್ತಿ ರಿಕ್ಷಾದವನಿಗೇ ಹೋಗುತ್ತದೆ. ಅದಕ್ಕೇ ನಾನೇ ಕಲಿಯೋಣ ಅಂತ ಹೊರಟೆ.

ಹೋದ ವಾರ ಮನೆಯಲ್ಲೇ ಆಧಾರ್ ಹಾಕಿ, ಮಗ ಬಿಟ್ಟುಹೋದ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಗೆ ಕೂತೆ. 15 ಪ್ರಶ್ನೆ. 9 ಸರಿ ಆಗಬೇಕು. ನನಗೆ ಬಂದದ್ದು 8.

ಭಾಷೆ ಮರಾಠಿ ಆರಿಸಿದ್ದೆ. ಭಾಜಿ ಮಾರುಕಟ್ಟೆಯಲ್ಲಿ ನನ್ನ ಮರಾಠಿ ಕೇಳಿದವರು ನನ್ನನ್ನು ಸಾತಾರಾದವಳು ಅಂದುಕೊಳ್ಳುತ್ತಾರೆ. ಆದರೆ ಕೊತ್ತಂಬರಿ ಚೌಕಾಶಿ ಮಾಡುವ ಮರಾಠಿ ಬೇರೆ, ಸರ್ಕಾರದ ಮರಾಠಿ ಬೇರೆ ನೋಡಿ. ಒಂದು ಬೋರ್ಡಿನ ಚಿತ್ರಕ್ಕೆ ಉತ್ತರಗಳಲ್ಲಿ ‘ತೀವ್ರ ಉತಾರ’ ಅಂತ ಇತ್ತು. ನಮ್ಮ ಕಡೆ ಉತಾರ ಅಂದರೆ ಹೊಲದ ಕಾಗದ. ಪಟ್ಟನೆ ತಲೆಗೆ ಬಂದದ್ದು ಊರಿನ ಹೊಲದ ಲೆಕ್ಕ ಇಡುವ ತಲಾಠಿಯ ಆಫೀಸು! ಇಳಿಜಾರು ಅಂತ ಹೊಳೆಯುವಷ್ಟರಲ್ಲಿ ಟೈಮ್ ಮುಗಿದಿತ್ತು. ಇನ್ನೊಂದು ‘ಅರುಂದ ಪೂಲ್’. ಅರ್ಧ ಕಟ್ಟಿ ಬಿಟ್ಟ ಸೇತುವೆ ಅಂದುಕೊಂಡೆ. ಅಂಥ ಸೇತುವೆಗಳನ್ನು ನೋಡೇ ಇಲ್ಲ ಅನ್ನೋ ಹಾಗಿಲ್ಲ ಅಲ್ವಾ? ಆಮೇಲೆ ಗೊತ್ತಾಯಿತು, ಅರುಂದ ಅಂದರೆ ಇಕ್ಕಟ್ಟು. ಡಾವೀಕಡೆ, ಉಜವೀಕಡೆ ಅಂದಾಗ ಈಗಲೂ ಒಂದು ಸಲ ಎರಡೂ ಕೈ ನೋಡಿಕೊಳ್ಳುತ್ತೇನೆ.

ತಪ್ಪೆಲ್ಲ ಭಾಷೆಯದ್ದೇ ಅಂತ ಹೇಳುವುದಿಲ್ಲ. ಘಾಟಿನಲ್ಲಿ ಹತ್ತುವ ಗಾಡಿ, ಇಳಿಯುವ ಗಾಡಿ ಎದುರುಬದುರಾದರೆ ಯಾರಿಗೆ ದಾರಿ ಬಿಡಬೇಕು ಅಂತ ಕೇಳಿದ್ದರು. ಇಳಿಯುವವನಿಗೆ ಅಂತ ಒತ್ತಿದೆ. ಪಾಪ, ಅವನ ಕೈಯಲ್ಲಿ ಗಾಡಿ ನಿಲ್ಲುವುದಿಲ್ಲ ಅಂತ ನನ್ನ ಲೆಕ್ಕ. ಅದು ತಪ್ಪಂತೆ. ಝೀಬ್ರಾ ಪಟ್ಟಿಯ ಮೇಲೆ ಜನ ದಾಟಲು ಕಾಯುತ್ತಿದ್ದರೆ ಏನು ಮಾಡಬೇಕು ಅಂತ ಇತ್ತು. ಹಾರ್ನ್ ಹೊಡೆದು ಹೋಗಬೇಕು ಅಂತ ಒತ್ತಿದೆ. 22 ವರ್ಷ ನಡೆದೇ ರಸ್ತೆ ದಾಟಿದವಳು ನಾನು. ದಿನಾ ನನಗೆ ಆಗುವುದು ಅದೇ ತಾನೇ. ನೀಲಿ ಬಿಲ್ಲೆಯ ಮೇಲೆ ಒಂದು ಕೆಂಪು ಗೆರೆ, ಎರಡು ಕೆಂಪು ಗೆರೆ ಇರುವ ಬೋರ್ಡುಗಳೂ ಅದಲುಬದಲಾದವು.

ಒಬ್ಬ ಏಜೆಂಟ್ 3,500 ರೂಪಾಯಿ ಕೊಡಿ, ನೀವು ಪರೀಕ್ಷೆಗೆ ಕೂರುವುದೇ ಬೇಡ ಅಂದ. ನಮ್ಮ ಮನೆಯವರು ಕೊಟ್ಟುಬಿಡು ಅನ್ನುತ್ತಾರೆ. ನನಗೆ ಮನಸ್ಸಿಲ್ಲ. 3,500 ಅಂದರೆ ಎಷ್ಟು ರೊಟ್ಟಿ ಅಂತ ಬಡಿದವಳಿಗೆ ಗೊತ್ತು.

ಕನ್ನಡದಲ್ಲಿ ಬರೆಯಲು ಏನಾದರೂ ದಾರಿ ಇದೆಯಾ? ಇಲ್ಲದಿದ್ದರೆ ಹೇಗೆ ಓದಲಿ?

ನಿಗಡಿ ಕಾಕಾ:

ತಂಗಿ, ಏಜೆಂಟನ ಮಾತು ಬಿಟ್ಟುಬಿಡು. ಮರುಪರೀಕ್ಷೆಯ ಫೀ 50 ರೂಪಾಯಿ. ಒಂದು ಮಾರ್ಕಿಗೆ 3,500 ಯಾರಾದರೂ ಕೊಡುತ್ತಾರಾ?

ನಾನು ವಿಜಯಪುರದವನು. ಪಿಂಪ್ರಿಯಲ್ಲಿ ಕಾರ್ಖಾನೆಯಲ್ಲಿದ್ದೆ, ಈಗ ನಿವೃತ್ತಿ. ಸೊಸೆಗೂ ಮೊಮ್ಮಗಳಿಗೂ ನಾನೇ ಓದಿಸಿದ್ದು. ಬೋರ್ಡುಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಡ, ಆಕಾರ ನೋಡು. ದುಂಡಗಿದ್ದರೆ ಹುಕುಂ, ಪಾಲಿಸಲೇಬೇಕು. ಕೆಂಪು ಅಂಚಿನ ತ್ರಿಕೋನ ಇದ್ದರೆ ‘ಮುಂದೆ ಹಿಂಗಿದೆ, ಜೋಕೆ’ ಅಂತ. ಚೌಕದ ನೀಲಿ ಬೋರ್ಡು ಸುಮ್ನೆ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕ್, ಊಟ. ಎರಡು ಬೋರ್ಡು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಎಂಟು ಮೂಲೆಯದ್ದು ಸ್ಟಾಪ್. ತಲೆಕೆಳಗಾದ ತ್ರಿಕೋನ ‘ದಾರಿ ಬಿಡು’. ಇವೆರಡೂ ಹುಕುಮೇ.

ನಿನ್ನ ನೀಲಿ ಬಿಲ್ಲೆ ಹೀಗೆ. ಒಂದು ಗೆರೆ ಇದ್ದರೆ ಗಾಡಿ ಇಟ್ಟು ಹೋಗಬೇಡ. ಎರಡು ಗೆರೆ ಅಡ್ಡಡ್ಡ ಇದ್ದರೆ ನಿಲ್ಲಲೇಬೇಡ. ರೊಟ್ಟಿ ಕೊಡುವವಳಿಗೆ ಇದು ದಿನಾ ಬೇಕಾಗುವ ಮಾತು. ಡಬ್ಬಿ ಕೊಟ್ಟು ಎರಡೇ ನಿಮಿಷದಲ್ಲಿ ಬರುತ್ತೇನೆ ಅಂದರೂ ಎರಡು ಗೆರೆಯ ಕಡೆ ನಡೆಯುವುದಿಲ್ಲ. ಪುಣೆಯಲ್ಲಿ ಪಿ1, ಪಿ2 ಅಂತ ಬೇರೆ ಬೋರ್ಡುಗಳಿವೆ. ಪಿ1 ಇದ್ದ ಕಡೆ ಬೆಸ ತಾರೀಖಿಗೆ ಗಾಡಿ ಇಡಬಹುದು, ಪಿ2 ಇದ್ದ ಕಡೆ ಸಮ ತಾರೀಖಿಗೆ. ಬಾಯಿಪಾಠದ ಪುಸ್ತಕದಲ್ಲಿ ಅದು ಸಿಗುವುದಿಲ್ಲ, ಗಾಡಿ ಎತ್ತಿಕೊಂಡು ಹೋದ ದಿನ ಕಲಿಯುತ್ತೀ.

ಘಾಟಿನ ವಿಷಯ. ಹತ್ತುವವನಿಗೇ ಮೊದಲ ದಾರಿ. ಲೋಡ್ ತುಂಬಿದ ಗಾಡಿ ಏರಿನಲ್ಲಿ ಒಮ್ಮೆ ನಿಂತಿತು ಅಂದುಕೋ. ಮತ್ತೆ ಎತ್ತುವಾಗ ಹಿಂದಕ್ಕೆ ಜಾರುತ್ತದೆ, ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಇಳಿಯುವವನಿಗೆ ಬ್ರೇಕ್ ಇದೆ, ಗೇರ್ ಇದೆ, ನಿಂತರೂ ಮತ್ತೆ ಹೊರಡುವುದು ಸುಲಭ. ಇಕ್ಕಟ್ಟಾದ ರಸ್ತೆಯಲ್ಲಿ ಈ ಪ್ರಶ್ನೆ ಬರುವುದೇ ಅದಕ್ಕೆ. ವೃತ್ತದಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಮಿಟುಕುವ ಹಳದಿ ದೀಪಕ್ಕೆ ನಿಧಾನ ಮಾಡಿ ನೋಡಿಕೊಂಡು ಹೋಗು. ಮಿಟುಕುವ ಕೆಂಪಿಗೆ ಪೂರ್ತಿ ನಿಂತು, ನೋಡಿ, ಆಮೇಲೆ ಹೋಗು.

ಇನ್ನು ಉಜವೀ, ಡಾವೀ. ಉಜವೀ ಅಂದರೆ ಉಣ್ಣುವ ಕೈ. ಉ ಅಂದರೆ ಉಣ್ಣು. ಮುಗಿಯಿತು.

ವಾಕಡ್ ಶಿವಮೊಗ್ಗ:

ಕಾಕಾ, ಆ ‘ಉಣ್ಣುವ ಕೈ’ ನನಗೆ ಮೂರು ವರ್ಷ ಮೊದಲೇ ಹೇಳಬಾರದಿತ್ತಾ!

ಅಕ್ಕಾ, ನಾನು ಪರೀಕ್ಷೆ ಬರೆದಾಗ ಮರಾಠಿ, ಹಿಂದಿ, ಇಂಗ್ಲಿಷ್ ಮೂರೇ ಇದ್ದವು. ಕನ್ನಡ ಇರಲಿಲ್ಲ. ಆದರೆ ಓದುವುದು ಕನ್ನಡದಲ್ಲೇ ಆಗಲಿ. ನಿಯಮಗಳು ಕೇಂದ್ರದವು, 1988ರ ಕಾಯ್ದೆ, 1989ರ ನಿಯಮಾವಳಿ. ಬೋರ್ಡಿನ ಚಿತ್ರ ಹುಬ್ಬಳ್ಳಿಯಲ್ಲೂ ಅದೇ, ಪುಣೆಯ ಸ್ವಾರಗೇಟಿನಲ್ಲೂ ಅದೇ. ಊರಿನಿಂದ ಎಲ್‌ಎಲ್‌ಆರ್, ಅಂದರೆ ಲರ್ನಿಂಗ್ ಲೈಸನ್ಸ್ ಪರೀಕ್ಷೆಯ ಕನ್ನಡ ಪುಸ್ತಕ ತರಿಸಿಕೊಳ್ಳಿ, ಬಸ್‌ಸ್ಟ್ಯಾಂಡ್ ಪಕ್ಕದ ಪುಸ್ತಕದ ಅಂಗಡಿಯಲ್ಲಿ ಕೇಳಿ ನೋಡಿ. ಅದನ್ನು ಓದಿ ವಿಷಯ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಸರ್ಕಾರದ ಪರಿವಹನ್ ಸೈಟಿನ ಮಾಕ್ ಟೆಸ್ಟ್, ಅಂದರೆ ಅಭ್ಯಾಸದ ಪರೀಕ್ಷೆಯನ್ನು ಮರಾಠಿಯಲ್ಲಿ ಮಾಡಿ. ಗೊತ್ತಿಲ್ಲದ ಪದ ಎಷ್ಟಿರಬಹುದು? ಇಪ್ಪತ್ತೋ ಮೂವತ್ತೋ ಅಷ್ಟೇ. ವಳಣ ಅಂದರೆ ತಿರುವು. ಗತಿರೋಧಕ ಅಂದರೆ ಹಂಪ್. ಪಾದಚಾರಿ ನಮ್ಮದೇ ಪದ.

ಬೋರ್ಡು ಬಿಟ್ಟು ಇನ್ನೂ ಮೂರು ವಿಷಯ ಗ್ಯಾರಂಟಿ ನೋಡಿಕೊಳ್ಳಿ. ಗಾಡಿಯಲ್ಲಿ ಇರಬೇಕಾದ ಕಾಗದಗಳು: ಲೈಸನ್ಸ್, ಆರ್‌ಸಿ (ಗಾಡಿಯ ನೋಂದಣಿ ಪತ್ರ), ಇನ್ಶೂರೆನ್ಸ್, ಪಿಯುಸಿ (ಹೊಗೆ ತಪಾಸಣೆಯ ಪತ್ರ). ಅಪಘಾತವಾದರೆ ಮೊದಲು ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಬೇಕು, ಪೊಲೀಸರಿಗೆ ಹೆಚ್ಚೆಂದರೆ 24 ಗಂಟೆಯ ಒಳಗೆ ತಿಳಿಸಬೇಕು. ಕಾವಲುಗಾರ ಇಲ್ಲದ ರೈಲ್ವೆ ಗೇಟಿನಲ್ಲಿ ಗಾಡಿ ನಿಲ್ಲಿಸಿ, ಎರಡೂ ಕಡೆ ನೋಡಿ ದಾಟಬೇಕು.

ಇನ್ನೊಂದು ಮಾತು. ಅರ್ಜಿಯಲ್ಲಿ ಬರೀ ಗೇರ್ ಇಲ್ಲದ ಗಾಡಿ ಅಂತ ಹಾಕಿದ್ದೀರಾ? ಹಾಗಿದ್ದರೆ ಮುಂದೆ ಗೇರ್ ಬೈಕ್ ಓಡಿಸುವ ಹಾಗಿಲ್ಲ. ನಿಮಗೆ ಸ್ಕೂಟರ್ ಸಾಕು ಅಂದರೆ ಅದೇ ಇರಲಿ.

ಮುಲುಂಡ್ ಕುಂದಾಪ್ರ:

ನಾನು ಮುಂಬೈಯವಳು, ಪುಣೆಯ ಮಾತಿನ ಮಧ್ಯೆ ಬಾಯಿ ಹಾಕ್ತಿದ್ದೇನೆ. ನಾನೂ ಮೊದಲ ಸಲ ಫೇಲೇ. ಕ್ಯಾಮೆರಾ ಮುಂದೆ ಕೂತಿದ್ದೆ, ಅತ್ತೆ ಚಹಾ ಹಿಡಿದುಕೊಂಡು ಬಂದರು. ‘ಬಿಸಿ ಆರಿ ಹೋಗ್ತದೆ ಮಾರಾಯ್ತಿ, ಕುಡಿ’ ಅಂತ ಹಿಂದೆಯೇ ನಿಂತರು. ಲೋಟ ಇಡಿಸಿ ಅವರನ್ನು ಕಳಿಸುವಷ್ಟರಲ್ಲಿ ಎರಡು ಪ್ರಶ್ನೆ ದಾಟಿ ಹೋಯಿತು. ಎರಡನೇ ಸಲ ಬಾಗಿಲಿಗೆ ಚಿಲಕ ಹಾಕಿ, ಕುಕ್ಕರ್ ಇಳಿಸಿ, ಫೋನ್ ಬೇರೆ ಕೋಣೆಯಲ್ಲಿಟ್ಟು ಕೂತೆ.

ಅಕ್ಕ, ನಿಮಗೆ 40 ದಾಟಿದೆ, ಹಾಗಾಗಿ ಫಾರ್ಮ್ 1ಎ, ಅಂದರೆ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಅದಾಗಿದೆ ಅಂದುಕೊಳ್ತೇನೆ. ಮತ್ತೆ ಪಾಸಾದ ಮರುದಿನವೇ ಡಬ್ಬಿ ಕಟ್ಟಿಕೊಂಡು ಸಿಂಹಗಡ ರೋಡಿಗೆ ಇಳಿಯಬೇಡಿ. ಅದು ಕಚ್ಚಾ ಲೈಸನ್ಸ್. ಗಾಡಿಯ ಹಿಂದೆ ಮುಂದೆ ಬಿಳಿ ಹಲಗೆ ಮೇಲೆ ಕೆಂಪು ‘ಎಲ್’ ಇರಬೇಕು. ಹಿಂದೆ ಯಾರನ್ನಾದರೂ ಕೂರಿಸುವುದಾದರೆ ಲೈಸನ್ಸ್ ಇರುವ, ಕಲಿಸುವವರನ್ನು ಮಾತ್ರ. ಪಕ್ಕಾ ಲೈಸನ್ಸಿನ ಪರೀಕ್ಷೆ 30 ದಿನ ಕಳೆದ ಮೇಲೆ. ಕಚ್ಚಾ 6 ತಿಂಗಳು ನಡೆಯುತ್ತದೆ. ಆಮೇಲೆ ನೋಡೋಣ ಅಂತ ಬಿಟ್ಟರೆ ಮತ್ತೆ ಮೊದಲಿನಿಂದ ಶುರು. ನನ್ನ ತಂಗಿಗೆ ಹಾಗೇ ಆಯಿತು.

ರೊಟ್ಟಿ ಅಕ್ಕ, ಧಾಯರಿ:

ಹನ್ನೊಂದು ದಿನದ ಮೇಲೆ ಬರೆಯುತ್ತಿದ್ದೇನೆ. ಪಾಸಾದೆ! 15ಕ್ಕೆ 13.

ಕನ್ನಡ ಪುಸ್ತಕವನ್ನು ಅಣ್ಣ ಗದಗದಿಂದ ಬಸ್ಸಿನಲ್ಲಿ ಕೊಟ್ಟು ಕಳಿಸಿದ. ಗೊತ್ತಿಲ್ಲದ ಮರಾಠಿ ಪದಗಳನ್ನು ಹಳೇ ಕ್ಯಾಲೆಂಡರಿನ ಹಿಂದೆ ದಪ್ಪಗೆ ಬರೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿದೆ. ಒಟ್ಟು 27 ಪದ ಆಯಿತು. ರೊಟ್ಟಿ ಬಡಿಯುವಾಗ ಒಂದೊಂದೇ ಓದುವುದು, ಹೆಂಚಿನ ಮೇಲೆ ನೀರು ಸವರುವಷ್ಟರಲ್ಲಿ ಅರ್ಥ ಹೇಳುವುದು. ಎರಡು ದಿನಕ್ಕೆ ಕಾಗದದ ತುಂಬ ಹಿಟ್ಟು ಬಡಿಯಿತು, ‘ಅರುಂದ’ ಮುಚ್ಚಿಯೇ ಹೋಯಿತು. ಅಷ್ಟರಲ್ಲಿ ಅದು ತಲೆಗೆ ಹೋಗಿತ್ತು.

ನಮ್ಮ ಮನೆಯವರ ಕಥೆ ಹೇಳದೆ ಇರಲಾರೆ. 20 ವರ್ಷದಿಂದ ಬೈಕ್ ಓಡಿಸುತ್ತಾರೆ. ನಾನು ಮಾಕ್ ಟೆಸ್ಟ್ ಮಾಡುವಾಗ ಹಿಂದೆ ನಿಂತು ‘ಇಷ್ಟೂ ಬರೋದಿಲ್ಲೇನು’ ಅಂತ ನಗುತ್ತಿದ್ದರು. ಹಂಗಾದರೆ ನೀವೇ ಮಾಡಿ ಅಂತ ಕುರ್ಚಿ ಬಿಟ್ಟುಕೊಟ್ಟೆ. 7 ಬಂತು. ಬಲಗೈ ಹೊರಗೆ ಚಾಚಿ, ಅಂಗೈ ಕೆಳಗೆ ಮಾಡಿ, ಮೇಲೆ ಕೆಳಗೆ ಆಡಿಸಿದರೆ ಏನರ್ಥ ಅಂತ ಇತ್ತು. ‘ಹೋಗಿಬನ್ನಿ’ ಅಂತ ಅಂದರು! ಅದು ನಿಧಾನ ಮಾಡುತ್ತಿದ್ದೇನೆ ಅಂತ ಹಿಂದಿನವರಿಗೆ ತೋರಿಸುವ ಸನ್ನೆ. ಆಮೇಲೆ ಏಜೆಂಟನ ಸುದ್ದಿಯನ್ನು ಅವರು ಎತ್ತಿಲ್ಲ.

ಘಾಟಿನ ಪ್ರಶ್ನೆ ಈ ಸಲವೂ ಬಂತು ಕಾಕಾ. ಝೀಬ್ರಾ ಮಾತ್ರ ಬರಲಿಲ್ಲ, ಬರಬೇಕಿತ್ತು. ಆದರೆ ಒಂದು ಆಗಿದೆ. ಈಗ ಭಾಜಿಗೆ ಹೋಗುವಾಗ ಝೀಬ್ರಾ ಮೇಲೆ ಯಾರಾದರೂ ಹಾರ್ನ್ ಹೊಡೆದರೆ ನಿಂತು ಅವರ ಮುಖ ನೋಡುತ್ತೇನೆ. ನಿನ್ನೆ ಒಬ್ಬ ಹುಡುಗ ಗಾಬರಿಯಾಗಿ ‘ಸಾರಿ ಕಾಕೂ’ ಅಂದ.

ಇನ್ನೊಂದು ಕೇಳಬೇಕಿತ್ತು. ಮೊದಲ ಸಲ 8 ಬಂತು ಅಂತ ಅತ್ತಿದ್ದೆ, ಈಗ ಪಕ್ಕಾ ಲೈಸನ್ಸಿಗೆ ಕಾಲು ಊರದೆ 8ರ ಆಕಾರದಲ್ಲಿ ಗಾಡಿ ಓಡಿಸಬೇಕಂತೆ. ಸೊಸೈಟಿ ಪಾರ್ಕಿಂಗ್‌ನಲ್ಲಿ ಸೀಮೆಸುಣ್ಣದಿಂದ ಬರೆದುಕೊಂಡಿದ್ದೇನೆ. ಮೊದಲ ಸುತ್ತು ಆಗುತ್ತದೆ. ಎರಡನೇ ಸುತ್ತಿಗೆ ತಿರುಗುವಾಗ ಎಡಗಾಲು ತಾನಾಗಿ ಕೆಳಗೆ ಬರುತ್ತದೆ. ಏನು ಮಾಡಲಿ?

ನಿಗಡಿ ಕಾಕಾ:

ಶಾಬಾಸ್ ತಂಗಿ. ನೀನು ಮುಂದಿನ ಚಕ್ರ ನೋಡುತ್ತಿದ್ದೀ, ಅದಕ್ಕೇ ಕಾಲು ಬರುತ್ತದೆ. ಎಲ್ಲಿ ತಿರುಗಬೇಕೋ ಆ ಕಡೆ ಮುಖ ತಿರುಗಿಸು, ಗಾಡಿ ಹಿಂದೆಯೇ ಬರುತ್ತದೆ. ಆಕ್ಸಿಲರೇಟರ್ ಪೂರ್ತಿ ಬಿಡಬೇಡ, ಸಣ್ಣಗೆ ಹಿಡಿದೇ ಇರು, ಹಿಂದಿನ ಬ್ರೇಕ್ ಮೇಲೆ ಬೆರಳು ಇರಲಿ. 8 ಅನ್ನು ಮೊದಲು ದೊಡ್ಡದಾಗಿ ಬರೆ, ದಿನಾ ಸ್ವಲ್ಪ ಸಣ್ಣದು ಮಾಡುತ್ತಾ ಬಾ. ಡಬ್ಬಿ ಈಗಲೇ ಕಟ್ಟಬೇಡ.