ಹೊಸ ಹ್ಯೂಮಿಡಾರ್ ಪಳಗಿಸುವುದು: ಒದ್ದೆ ಬಟ್ಟೆಯಲ್ಲಿ ಒರೆಸಬಹುದಾ?

ಹೊಸಪೆಟ್ಟಿಗೆ:
50 ಸಿಗಾರ್ ಹಿಡಿಯುವ ಮರದ ಹ್ಯೂಮಿಡಾರ್ (ಸಿಗಾರ್ ಒಣಗದಂತೆ ತೇವದಲ್ಲಿಡುವ ಪೆಟ್ಟಿಗೆ), ಒಳಗೆ ಸ್ಪ್ಯಾನಿಷ್ ಸೀಡರ್ ಹಲಗೆ. ಪಳಗಿಸಲು, ಅಂದರೆ ಒಣ ಮರಕ್ಕೆ ತೇವ ಕುಡಿಸಲು, ಒಳಗೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾರನೇ ದಿನ ಸಿಗಾರ್ ಇಡಿ ಅಂತ ಜೊತೆಗೆ ಬಂದ ಚೀಟಿಯಲ್ಲಿದೆ. ಒರೆಸಲೇಬೇಡಿ ಅನ್ನುವವರೂ ಇದ್ದಾರೆ. ಗಾಳಿಯ ತೇವ ಅಳೆಯುವ, ಮುಚ್ಚಳದ ಮುಳ್ಳಿನ ಮೀಟರ್ ಈಗ ಶೇ 58 ತೋರಿಸುತ್ತಿದೆ. ಊರು ಬೆಂಗಳೂರು, ಏಪ್ರಿಲ್ ಬಿಸಿಲು. ಆರ್‌ಓ ನೀರು ನಡೆಯುತ್ತಾ?

ಸೀಡರ್‌ಘಮ:
ಒರೆಸಬೇಡಿ. ತೆಳು ಹಲಗೆ ಒಂದೇ ಮೈಯಲ್ಲಿ ನೀರು ಕುಡಿದರೆ ಆ ಮೈ ಹಿಗ್ಗುತ್ತೆ, ಬೆನ್ನು ಒಣಗೇ ಇರುತ್ತೆ. ಹಲಗೆ ಬಾಗಿ ಮೂಲೆ ಬಿರಿದರೆ ಮುಚ್ಚಳ ಮತ್ತೆ ಸರಿಯಾಗಿ ಕೂರಲ್ಲ.

ಮೊದಲು ಮೀಟರ್ ನೋಡಿಕೊಳ್ಳಿ. ಮುಳ್ಳಿನದನ್ನು ನಂಬಬೇಡಿ, ಡಿಜಿಟಲ್ ತಗೊಳ್ಳಿ, ಅದನ್ನೂ ಉಪ್ಪಿನಲ್ಲಿ ಪರೀಕ್ಷಿಸಿ. ಬಾಟಲಿ ಮುಚ್ಚಳದ ತುಂಬ ಪುಡಿ ಉಪ್ಪು, ಅದಕ್ಕೆ ಕೆಲವೇ ಹನಿ ನೀರು. ಒದ್ದೆ ಮರಳಿನ ಹಾಗಿರಬೇಕು, ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಒಂದೇ ಜಿಪ್‌ಲಾಕ್ ಕವರಿನಲ್ಲಿ ಹಾಕಿ 24 ಗಂಟೆ ಬಿಡಿ. ಒಳಗಿನ ಗಾಳಿ ಶೇ 75ಕ್ಕೆ ನಿಲ್ಲುತ್ತೆ. ಮೀಟರ್ 71 ಅಂದರೆ ಮುಂದೆ ಯಾವಾಗಲೂ 4 ಕೂಡಿಸಿ ಓದಿ.

ಆಮೇಲೆ ಶೇ 84ರ ಬೊವೆಡಾ (ಒಳಗಿನ ತೇವವನ್ನು ಆ ಮಟ್ಟಕ್ಕೆ ತರುವ ಪ್ಯಾಕ್), 60 ಗ್ರಾಂನದು, 25 ಸಿಗಾರಿನ ಜಾಗಕ್ಕೆ ಒಂದು, ನಿಮಗೆ ಎರಡು. ಟ್ರೇ, ಅಡ್ಡಪಟ್ಟಿ ಒಳಗೇ ಇರಲಿ, ಅವೂ ತೇವ ಕುಡಿಯಬೇಕು. 14 ದಿನ ಮುಚ್ಚಳ ತೆಗೆಯಬೇಡಿ. ಎರಡನೇ ದಿನವೇ ಮೀಟರ್ 75 ದಾಟಿತು ಅಂತ ಸಿಗಾರ್ ತುಂಬುವವರೇ ಹೆಚ್ಚು. ಆ ಅಂಕಿ ಗಾಳಿಯದ್ದು. ಮರ ಇನ್ನೂ ಒಣಗಿದ್ದರೆ ಸಿಗಾರಿನ ತೇವವನ್ನೇ ಎಳೆದುಕೊಳ್ಳುತ್ತೆ, ಹೊರ ಎಲೆ ಬಿರಿಯುತ್ತೆ. ಎರಡು ವಾರವಾದ ಮೇಲೆ 84 ತೆಗೆದು 69ರ ಎರಡು ಪ್ಯಾಕ್ ಇಡಿ.

ಮಂಗ್ಳೂರ್‌ಮಳೆ:
ಪ್ಯಾಕ್ ಸಿಗದಿದ್ದರೆ ಸಣ್ಣ ಬಟ್ಟಲಲ್ಲಿ ಡಿಸ್ಟಿಲ್ಡ್ ವಾಟರ್ ಇಟ್ಟು ಮುಚ್ಚಿ, ಮರಕ್ಕೆ ತಾಗದ ಹಾಗೆ. ಆರ್‌ಓ ನೀರಲ್ಲಿ ಲವಣ ಪೂರ್ತಿ ಹೋಗಿರಲ್ಲ, ತೇವಕ್ಕೆ ಸ್ಪಂಜ್ ಇಡುವವರಿಗೆ ಅದರ ಕಣ್ಣು ಕಟ್ಟುತ್ತೆ. ಬ್ಯಾಟರಿ ಅಂಗಡಿಯಲ್ಲಿ ಕೊಳ್ಳುವುದಾದರೆ ಕ್ಯಾನಿನ ಚೀಟಿ ಓದಿ, ಆಸಿಡ್ ಕ್ಯಾನೂ ಪಕ್ಕದಲ್ಲೇ ಇರುತ್ತೆ.

ನಿಮ್ಮೂರಲ್ಲಿ ನನಗೆ ತೇವಕ್ಕಿಂತ ಸೆಕೆಯದ್ದೇ ಚಿಂತೆ. ಪೆಟ್ಟಿಗೆಯೊಳಗೆ 25 ಡಿಗ್ರಿ ದಾಟಿ ನಿಂತರೆ ತಂಬಾಕು ಹುಳುವಿನ ಮೊಟ್ಟೆ ಒಡೆಯಬಹುದು. ಸೂಜಿ ಚುಚ್ಚಿದಂಥ ತೂತು, ಕೆಳಗೆ ಕಂದು ಪುಡಿ ಕಂಡರೆ ಅದೇ. ಅಂಥ ಸಿಗಾರ್ ಎಸೆಯಿರಿ. ಮಿಕ್ಕವನ್ನು ಎರಡು ಜಿಪ್‌ಲಾಕಿನಲ್ಲಿ ಹಾಕಿ 3 ದಿನ ಫ್ರೀಜರ್, 1 ದಿನ ಫ್ರಿಜ್, ಆಮೇಲಷ್ಟೇ ಹೊರಗೆ. ಫ್ರೀಜರಿನಿಂದ ನೇರ ತೆಗೆದರೆ ಎಲೆ ಸೀಳುತ್ತೆ.

ಹೊಸಪೆಟ್ಟಿಗೆ:
ಒರೆಸುವುದಿಲ್ಲ, ಪ್ಯಾಕ್ ತರಿಸುತ್ತೇನೆ. ಇನ್ನೊಂದು: ಹಿಂದಿನ ಮೂಲೆಯಲ್ಲಿ ಜೇನಿನ ಬಣ್ಣದ ಅಂಟು ಹನಿಗಳಿವೆ, ಸಾಸಿವೆ ಗಾತ್ರ. ಪಾಲಿಶ್ ಇಳಿದಿದೆಯಾ?

ಸೀಡರ್‌ಘಮ:
ಪಾಲಿಶ್ ಅಲ್ಲ, ಸೀಡರಿನದೇ ರಾಳ. ಸೆಕೆಗೆ ಹೊರಬರುತ್ತೆ. ಸಿಗಾರಿಗೆ ತಾಗಿದರೆ ಎಲೆ ಅಂಟಿಕೊಂಡು ಕಿತ್ತುಬರುತ್ತೆ, ಹಾಗಾಗಿ ಪಳಗಿಸುವ ಮೊದಲೇ ತೆಗೆಯಿರಿ. ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹನಿಯ ಮೇಲಷ್ಟೇ ಒತ್ತಿ ಒರೆಸಿ. ಗಟ್ಟಿಯಾಗಿದ್ದರೆ ಬ್ಲೇಡಿನಲ್ಲಿ ಮೆಲ್ಲಗೆ ಕೆರೆದು ಆಮೇಲೆ ಒರೆಸಿ. ಆಲ್ಕೋಹಾಲ್ ವಾಸನೆ ಪೂರ್ತಿ ಹೋಗುವ ತನಕ, ಅಂದರೆ ಒಂದು ಇಡೀ ದಿನ, ಮುಚ್ಚಳ ತೆರೆದೇ ಇರಲಿ. 14 ದಿನದ ಲೆಕ್ಕ ಅಲ್ಲಿಂದ.